ಒಂದು ಪುಸ್ತಕ ಸಿಕ್ಕರೆ ಹತ್ತು ಸಿಗುತ್ತವೆ: ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಪೂರ್ತಿ ಬಳಸಿಕೊಳ್ಳುವ ಬಗೆ

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ದಿನವೂ ಹೋಗುವವರಲ್ಲಿ ಬಹಳ ಮಂದಿ ಬಳಸಿಕೊಳ್ಳುವುದು ಎರಡನ್ನೇ: ಕುಳಿತು ಓದಲು ಒಂದು ಮೇಜು, ಪರೀಕ್ಷೆಗೆ ಬೇಕಾದ ನಾಲ್ಕಾರು ಪಠ್ಯಪುಸ್ತಕ. ಮೇಲಿನ ಮಹಡಿಯಲ್ಲಿರುವ ನಿಯತಕಾಲಿಕಗಳ ಬೈಂಡ್ ಮಾಡಿದ ಸಂಪುಟಗಳು, ಹಳೆಯ ಪತ್ರಿಕೆಗಳ ಪುಟಗಳನ್ನು ಚಿಕ್ಕದಾಗಿ ಚಿತ್ರಿಸಿಟ್ಟ ನೆಲಮಾಳಿಗೆಯ ಮೈಕ್ರೋಫಿಲ್ಮ್ ಸುರುಳಿಗಳು, ಬೀಗ ಹಾಕಿದ ಕೋಣೆಯ ಹಸ್ತಪ್ರತಿಗಳು, ಕಣ್ಣಿಗೇ ಕಾಣದ ಡೇಟಾಬೇಸ್‌ಗಳು ಇವೆಲ್ಲ ಪಿಎಚ್‌.ಡಿ. ಮಾಡುವವರಿಗೆ ಎಂದು ಅವರು ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಮೊದಲ ವರ್ಷದ ಪದವಿ ವಿದ್ಯಾರ್ಥಿಗೂ ಅವುಗಳ ಮೇಲೆ ಹಕ್ಕಿದೆ. ದಾರಿ ಗೊತ್ತಿಲ್ಲದ್ದರಿಂದ ಅತ್ತ ಹೋಗುವುದಿಲ್ಲ, ಅಷ್ಟೇ.

ಆ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉದಾಹರಣೆ ಹಿಡಿದು ತೋರಿಸುವುದು ಈ ಲೇಖನದ ಉದ್ದೇಶ. ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಸಿಡುಬು ಲಸಿಕೆಯ ಇತಿಹಾಸ. ವೈದ್ಯಕೀಯ, ಸಮಾಜ, ಸರ್ಕಾರ, ನಂಬಿಕೆ ಎಲ್ಲವೂ ಬೆರೆತಿರುವ ವಿಷಯವಾದ್ದರಿಂದ ಗ್ರಂಥಾಲಯದ ಹೆಚ್ಚುಕಡಿಮೆ ಎಲ್ಲ ಮೂಲೆಗಳಿಗೂ ಅದು ನಮ್ಮನ್ನು ಕರೆದೊಯ್ಯುತ್ತದೆ. ನಿಮ್ಮ ವಿಷಯ ಬೇರೆಯಿದ್ದರೂ ಹೆಜ್ಜೆಗಳು ಇವೇ.

ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಗ್ರಂಥಾಲಯದ ವಸ್ತುಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ: ವಿಷಯದಿಂದ, ಕಪಾಟಿನ ನಂಬರಿನಿಂದ, ಅಡಿಟಿಪ್ಪಣಿಯಿಂದ, ಉಲ್ಲೇಖದಿಂದ. ಮೊದಲ ಹುಡುಕಾಟದಲ್ಲೇ ಬೇಕಾದ್ದೆಲ್ಲ ಸಿಗಬೇಕೆಂದು ಹಟ ಹಿಡಿಯಬೇಡಿ. ಒಂದೇ ಒಂದು ಒಳ್ಳೆಯ ಪುಸ್ತಕ ಸಿಗಲಿ, ಸಾಕು. ಅದರ ಜಾಡು ಹಿಡಿದು ಹೋಗುವುದನ್ನು ಕಲಿತರೆ ಉಳಿದವು ತಾವಾಗಿ ಸಿಗುತ್ತವೆ.

ಹುಡುಕುವ ಮೊದಲು

ಎರಡು ಕೆಲಸ ಮುಗಿಸಿಕೊಳ್ಳಿ. ಮೊದಲನೆಯದು ಕೌಂಟರಿನಲ್ಲಿ ಆಗುವಂಥದ್ದು. ನಿಮ್ಮ ಕಾರ್ಡಿಗೆ ಎಷ್ಟು ಪುಸ್ತಕ, ಎಷ್ಟು ದಿನ, ರಿನ್ಯೂ ಮಾಡಿಸುವುದು ಹೇಗೆ, ಕ್ಯಾಂಪಸ್ಸಿನ ಹೊರಗಿನಿಂದ ಡೇಟಾಬೇಸ್ ತೆರೆಯಲು ಯಾವ ಲಾಗಿನ್ ಬೇಕು ಎಂದು ಕೇಳಿ ಬರೆದುಕೊಳ್ಳಿ. ವಿಭಾಗಗಳಿಗೆ ಬೇರೆ ಗ್ರಂಥಾಲಯಗಳಿವೆಯೇ ಎಂದೂ ಕೇಳಿ. ವೈದ್ಯಕೀಯ, ಕಾನೂನು, ಕೃಷಿ ಪುಸ್ತಕಗಳು ಎಷ್ಟೋ ಕಡೆ ಮುಖ್ಯ ಕಟ್ಟಡದಲ್ಲಿರುವುದಿಲ್ಲ.

ಎರಡನೆಯದು ಕಾಗದದ ಮೇಲೆ ಆಗಬೇಕಾದ ಕೆಲಸ. ವಿಷಯವನ್ನು ಪ್ರಶ್ನೆಯಾಗಿ ಬರೆಯಿರಿ. ‘ಸಿಡುಬು ಲಸಿಕೆ’ ಎಂದರೆ ಅದು ವಿಷಯ ಮಾತ್ರ. ‘ಲಸಿಕೆ ಬಂದ ಮೊದಲ ನೂರು ವರ್ಷಗಳಲ್ಲಿ ಜನ ಅದನ್ನು ಏಕೆ ವಿರೋಧಿಸಿದರು?’ ಎಂದರೆ ಪ್ರಶ್ನೆ. ಪ್ರಶ್ನೆಯಿದ್ದರೆ ಯಾವ ಪುಸ್ತಕ ಕೈಬಿಡಬಹುದು ಎನ್ನುವುದು ಗೊತ್ತಾಗುತ್ತದೆ, ಅದೇ ದೊಡ್ಡ ಲಾಭ. ಆಮೇಲೆ ಆ ಪ್ರಶ್ನೆಯೊಳಗಿನ ಒಂದೊಂದು ಸಂಗತಿಗೂ ಇರುವ ಬೇರೆ ಬೇರೆ ಹೆಸರುಗಳನ್ನು ಕೆಳಗೆ ಪಟ್ಟಿ ಮಾಡಿ. ಇಂಗ್ಲಿಷಿನಲ್ಲಿ ಸಿಡುಬಿಗೆ ಸ್ಮಾಲ್‌ಪಾಕ್ಸ್ ಎಂದೂ ವೇರಿಯೋಲಾ ಎಂದೂ ಹೆಸರಿದೆ. ರೋಗಿಯ ಕೀವನ್ನೇ ಆರೋಗ್ಯವಂತರ ಚರ್ಮಕ್ಕೆ ಚುಚ್ಚುತ್ತಿದ್ದ ಹಳೆಯ ಪದ್ಧತಿ ವೇರಿಯೋಲೇಷನ್, ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋಸಿಡುಬಿನಿಂದ ಮಾಡಿದ ಪ್ರಯೋಗದ ನಂತರದ್ದು ವ್ಯಾಕ್ಸಿನೇಷನ್. ಇನಾಕ್ಯುಲೇಷನ್ ಎಂಬುದನ್ನು ಆ ಕಾಲದವರು ಎರಡಕ್ಕೂ ಬಳಸಿದ್ದಾರೆ. ಈ ಪಟ್ಟಿಯಿಲ್ಲದೆ ಹುಡುಕಿದರೆ ಅರ್ಧ ಸಾಹಿತ್ಯ ಕೈತಪ್ಪುತ್ತದೆ.

ಈ ಹೆಸರುಗಳು ಮೊದಲೇ ಗೊತ್ತಿರುವುದಿಲ್ಲವಲ್ಲ ಎನ್ನುತ್ತೀರಾ? ಅದಕ್ಕೇ ರೆಫರೆನ್ಸ್ ವಿಭಾಗವಿದೆ. ಮನೆಗೆ ಕೊಡದ, ಅಲ್ಲೇ ಕುಳಿತು ನೋಡಬೇಕಾದ ವಿಶ್ವಕೋಶಗಳು, ನಿಘಂಟುಗಳು, ಕೈಪಿಡಿಗಳು ಅಲ್ಲಿರುತ್ತವೆ. ಸಾಮಾನ್ಯ ವಿಶ್ವಕೋಶಕ್ಕಿಂತ ಆಯಾ ವಿಷಯಕ್ಕೆಂದೇ ಮಾಡಿದ ವಿಶ್ವಕೋಶ ನೋಡಿ: ವೈದ್ಯಕೀಯ ಇತಿಹಾಸದ್ದು, ಸಮಾಜಶಾಸ್ತ್ರದ್ದು, ತತ್ತ್ವಶಾಸ್ತ್ರದ್ದು. ನಾಲ್ಕು ಪುಟದ ಒಂದು ನಮೂದು ಓದಿದರೆ ಮುಖ್ಯ ಹೆಸರುಗಳು, ಇಸವಿಗಳು, ವಿವಾದಗಳು ಸಿಗುತ್ತವೆ. ಕೊನೆಯಲ್ಲಿ ಓದಬೇಕಾದ ಪುಸ್ತಕಗಳ ಚಿಕ್ಕ ಪಟ್ಟಿಯೂ ಇರುತ್ತದೆ. ಆ ವಿಷಯದ ತಜ್ಞರೇ ಆರಿಸಿದ ಪಟ್ಟಿ ಅದು. ಆರಂಭಕ್ಕೆ ಅದಕ್ಕಿಂತ ನಂಬಬಹುದಾದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕ್ಯಾಟಲಾಗನ್ನು ಓದುವುದು

ಈಗ ಗ್ರಂಥಾಲಯದ ಆನ್‌ಲೈನ್ ಕ್ಯಾಟಲಾಗ್ ತೆರೆಯಿರಿ. ಅದನ್ನು ಒಪ್ಯಾಕ್ ಎಂದೂ ಕರೆಯುತ್ತಾರೆ. ಅದರಲ್ಲಿ ಏನಿರುವುದಿಲ್ಲ ಎನ್ನುವುದು ಮೊದಲು ತಿಳಿದಿರಬೇಕು. ಗ್ರಂಥಾಲಯದ ಪುಸ್ತಕಗಳು, ನಿಯತಕಾಲಿಕಗಳ ಹೆಸರುಗಳು, ಪ್ರಬಂಧಗಳು, ನಕ್ಷೆಗಳು ಕ್ಯಾಟಲಾಗಿನಲ್ಲಿರುತ್ತವೆ. ನಿಯತಕಾಲಿಕದ ಒಳಗಿರುವ ಒಂದೊಂದು ಲೇಖನ ಸಾಮಾನ್ಯವಾಗಿ ಇರುವುದಿಲ್ಲ. ಲೇಖನದ ಶೀರ್ಷಿಕೆ ಹೊಡೆದು ‘ಫಲಿತಾಂಶವಿಲ್ಲ’ ಎಂದು ಬಂದದ್ದನ್ನು ನೋಡಿ, ಗ್ರಂಥಾಲಯದಲ್ಲಿ ಅದಿಲ್ಲ ಎಂದು ಹಿಂತಿರುಗುವವರು ಎಷ್ಟೋ ಜನ. ಕೆಲವು ಕಡೆ ಪುಸ್ತಕ, ಲೇಖನ ಎರಡನ್ನೂ ಒಟ್ಟಿಗೆ ತಡಕುವ ದೊಡ್ಡ ಹುಡುಕು ಪೆಟ್ಟಿಗೆಯನ್ನು ಮುಖಪುಟದಲ್ಲೇ ಇಟ್ಟಿರುತ್ತಾರೆ. ಅಲ್ಲಿ ಫಲಿತಾಂಶ ಸಾವಿರಗಟ್ಟಲೆ ಬರುತ್ತದೆ. ಮೊದಲ ಸಲಕ್ಕೆ ಬರೀ ಕ್ಯಾಟಲಾಗಿನಲ್ಲಿ ಹುಡುಕುವುದೇ ವಾಸಿ.

ಪಟ್ಟಿಯ ಒಂದೆರಡು ಪದ ಹೊಡೆಯಿರಿ. ಬಂದ ಫಲಿತಾಂಶಗಳಲ್ಲಿ ನಿಮ್ಮ ಪ್ರಶ್ನೆಗೆ ಹತ್ತಿರವೆನಿಸುವ ಒಂದು ಪುಸ್ತಕದ ಮೇಲೆ ಒತ್ತಿ, ಅದರ ಪೂರ್ತಿ ವಿವರದ ಪುಟಕ್ಕೆ ಹೋಗಿ. ಅವಸರ ಬೇಡ. ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿ. ಶೀರ್ಷಿಕೆ, ಲೇಖಕರು, ಪ್ರಕಾಶಕರು, ವರ್ಷ ಎಲ್ಲರೂ ನೋಡುತ್ತಾರೆ. ಅದರ ಕೆಳಗೆ ಪುಟಗಳ ಸಂಖ್ಯೆ, ಗ್ರಂಥಸೂಚಿ ಇದೆಯೇ, ಪದಸೂಚಿ ಇದೆಯೇ ಎಂಬ ಟಿಪ್ಪಣಿ ಇರುತ್ತದೆ. ಮೂವತ್ತು ಪುಟಗಳ ಗ್ರಂಥಸೂಚಿಯಿರುವ ಪುಸ್ತಕ ನಿಮಗೆ ಎರಡು ಪಟ್ಟು ಉಪಯೋಗಕ್ಕೆ ಬರುತ್ತದೆ. ಕೆಲವು ದಾಖಲೆಗಳಲ್ಲಿ ಅಧ್ಯಾಯಗಳ ಪಟ್ಟಿಯನ್ನೂ ಕೊಟ್ಟಿರುತ್ತಾರೆ.

ಇನ್ನೂ ಕೆಳಗೆ ‘ವಿಷಯ’ ಅಥವಾ ‘ಸಬ್ಜೆಕ್ಟ್’ ಎಂಬ ಸಾಲುಗಳಿರುತ್ತವೆ. ಈ ಪುಟದ ಜೀವಾಳವೇ ಅವು. ಲೇಖಕರು ತಮ್ಮ ಪುಸ್ತಕಕ್ಕೆ ಯಾವ ಹೆಸರನ್ನಾದರೂ ಇಟ್ಟಿರಲಿ, ಕ್ಯಾಟಲಾಗ್ ಮಾಡುವವರು ಅದನ್ನು ನೋಡಿ, ಒಂದು ನಿಗದಿತ ಪದಪಟ್ಟಿಯಿಂದ ವಿಷಯಶೀರ್ಷಿಕೆಯನ್ನು ಕೊಡುತ್ತಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1898ರಲ್ಲಿ ಕಟ್ಟಲು ಶುರುಮಾಡಿದ ಪಟ್ಟಿಯನ್ನೇ ಜಗತ್ತಿನ ಅನೇಕ ಗ್ರಂಥಾಲಯಗಳು ಇಂದಿಗೂ ಬಳಸುತ್ತವೆ. ‘ಸ್ಮಾಲ್‌ಪಾಕ್ಸ್’ ಎಂಬ ವಿಷಯಶೀರ್ಷಿಕೆಯ ಮೇಲೆ ಒತ್ತಿದರೆ, ಹೆಸರಿನಲ್ಲಿ ಆ ಪದವೇ ಇಲ್ಲದ ಪುಸ್ತಕಗಳೂ ಒಟ್ಟಿಗೆ ಬರುತ್ತವೆ. ಕೆಂಪು ಗುಳ್ಳೆ, ಮಚ್ಚೆಯ ಮುಖ ಎಂದೆಲ್ಲ ಕಾವ್ಯಮಯ ಹೆಸರಿಟ್ಟ ಪುಸ್ತಕವೂ ಅಲ್ಲಿ ತಪ್ಪಿಸಿಕೊಳ್ಳಲಾರದು. ಹುಡುಕು ಪೆಟ್ಟಿಗೆಗೆ ಪದ ಹಾಕುವುದಕ್ಕೂ ವಿಷಯಶೀರ್ಷಿಕೆ ಹಿಡಿದು ಹೋಗುವುದಕ್ಕೂ ಇರುವ ಅಂತರ ಇದು.

ಈ ಪದಪಟ್ಟಿ ಕಾಲಕಾಲಕ್ಕೆ ಬದಲಾಗುತ್ತದೆ ಎಂಬುದೂ ನೆನಪಿರಲಿ. ಸಿನಿಮಾ ಕುರಿತ ಪುಸ್ತಕಗಳಿಗೆ ಒಂದು ಕಾಲದಲ್ಲಿ ‘ಮೂವಿಂಗ್ ಪಿಕ್ಚರ್ಸ್’ ಎಂಬ ಶೀರ್ಷಿಕೆಯಿತ್ತು, ನಂತರ ಅದು ‘ಮೋಷನ್ ಪಿಕ್ಚರ್ಸ್’ ಆಯಿತು. ತಿದ್ದದೆ ಉಳಿದ ಹಳೆಯ ದಾಖಲೆಗಳಲ್ಲಿ ಹಳೆಯ ಪದವೇ ಇರಬಹುದು.

ಕನ್ನಡ ಪುಸ್ತಕಗಳನ್ನು ಹುಡುಕುವಾಗ ಇನ್ನೊಂದು ತೊಡಕಿದೆ. ಎಷ್ಟೋ ಕ್ಯಾಟಲಾಗುಗಳಲ್ಲಿ ಅವುಗಳ ಹೆಸರನ್ನು ರೋಮನ್ ಲಿಪಿಯಲ್ಲಿ ಮಾತ್ರ ದಾಖಲಿಸಿರುತ್ತಾರೆ. ದೀರ್ಘಾಕ್ಷರದ ಮೇಲೆ ಗೆರೆ, ಟ, ಡ, ಣ, ಳಗಳ ಕೆಳಗೆ ಚುಕ್ಕೆ ಹಾಕುವ ಕ್ರಮ ಅದರದ್ದು. ಗೆರೆ, ಚುಕ್ಕೆ ಹಾಕದೆ ಹೊಡೆದರೂ ಹೆಚ್ಚಿನ ಕ್ಯಾಟಲಾಗುಗಳು ಹುಡುಕಿಕೊಡುತ್ತವೆ. ಆದರೆ ‘ಶ’ಕ್ಕೆ ಎಸ್ ಒಂದೇ ಅಥವಾ ಎಸ್ ಎಚ್ ಎರಡೂ, ‘ಚ’ಕ್ಕೆ ಸಿ ಒಂದೇ ಅಥವಾ ಸಿ ಎಚ್ ಎರಡೂ, ಹೀಗೆ ಎರಡು ಬಗೆಯಲ್ಲೂ ಪ್ರಯತ್ನಿಸಬೇಕು. ಕನ್ನಡ ಲಿಪಿಯಲ್ಲೂ ಒಮ್ಮೆ ಹೊಡೆದು ನೋಡಿ. ಶೀರ್ಷಿಕೆಯಿಂದ ಸಿಗದಿದ್ದರೆ ಲೇಖಕರ ಹೆಸರಿನಿಂದ ಹುಡುಕಿ, ಅಲ್ಲೂ ಇನಿಶಿಯಲ್ ಮುಂದೆಯೋ ಹಿಂದೆಯೋ ಎಂಬ ಗೊಂದಲ ಇದ್ದೇ ಇರುತ್ತದೆ. ಹಾಗಾಗಿ ಹೆಸರಿನ ಮುಖ್ಯ ಭಾಗವನ್ನಷ್ಟೇ ಹೊಡೆಯುವುದು ಕ್ಷೇಮ.

ಪುಟ ಬಿಡುವ ಮುನ್ನ ಮೂರನ್ನು ಬರೆದುಕೊಳ್ಳಿ: ಕಾಲ್ ನಂಬರ್, ಅದು ಇರುವ ಜಾಗ, ಪುಸ್ತಕ ಒಳಗಿದೆಯೋ ಹೊರಗೆ ಹೋಗಿದೆಯೋ ಎಂಬ ಸ್ಥಿತಿ. ‘ಸ್ಟೋರ್’ ಎಂದಿದ್ದರೆ ಅದು ತೆರೆದ ಕಪಾಟಿನಲ್ಲಿರುವುದಿಲ್ಲ, ಚೀಟಿ ಬರೆದುಕೊಟ್ಟು ತರಿಸಬೇಕು. ಇಶ್ಯೂ ಆಗಿದ್ದರೆ ನಿಮ್ಮ ಹೆಸರಿಗೆ ಕಾಯ್ದಿರಿಸಿ.

ಕಪಾಟಿನ ಮುಂದೆ

ಕಾಲ್ ನಂಬರ್ ಎಂದರೆ ಪುಸ್ತಕದ ವಿಳಾಸ. ಅದನ್ನು ಓದಲು ಬಾರದೆ ಕಪಾಟುಗಳ ನಡುವೆ ಅಲೆದಾಡುವ ಕಷ್ಟ ಯಾರಿಗೂ ಬೇಡ. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ ಹೆಚ್ಚು ಕಡೆ ಬಳಕೆಯಲ್ಲಿದೆ. ಜ್ಞಾನವನ್ನೆಲ್ಲ ಅದು 000ರಿಂದ 999ರವರೆಗೆ ಹತ್ತು ದೊಡ್ಡ ವರ್ಗಗಳಾಗಿ ಹಂಚುತ್ತದೆ. 500 ವಿಜ್ಞಾನ, 600 ತಂತ್ರಜ್ಞಾನ ಮತ್ತು ವೈದ್ಯಕೀಯ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ. ಕನ್ನಡ ಭಾಷೆ 494.814ರಲ್ಲಿದ್ದರೆ ಕನ್ನಡ ಸಾಹಿತ್ಯ 894.814ರಲ್ಲಿದೆ. ಭಾಷೆಗೂ ಅದರ ಸಾಹಿತ್ಯಕ್ಕೂ ನಾಲ್ಕುನೂರರ ಅಂತರ, ಒಂದೇ ಬಾಲ. ಈ ವ್ಯವಸ್ಥೆಯ ಚಂದ ಇರುವುದೇ ಇಂಥ ಕಡೆ.

ನಂಬರನ್ನು ಓದುವಾಗ ಚುಕ್ಕೆಯ ನಂತರದ್ದು ದಶಮಾಂಶ ಎಂಬುದನ್ನು ಮರೆಯಬಾರದು. 614.521 ಎಂಬ ಪುಸ್ತಕ 614.6ಕ್ಕಿಂತ ಮೊದಲು ಬರುತ್ತದೆ. ಐನೂರ ಇಪ್ಪತ್ತೊಂದು ಆರಕ್ಕಿಂತ ದೊಡ್ಡದಲ್ಲವೇ ಎಂದುಕೊಂಡು ಮುಂದೆ ಮುಂದೆ ಹೋದರೆ ಸಿಗುವುದಿಲ್ಲ. ವರ್ಗಸಂಖ್ಯೆಯ ಕೆಳಗಿನ ಸಾಲಿನಲ್ಲಿ ಲೇಖಕರ ಗುರುತಿನ ಅಕ್ಷರಗಳಿರುತ್ತವೆ, ಒಂದೇ ಸಂಖ್ಯೆಯ ಪುಸ್ತಕಗಳನ್ನು ಅದರ ಅಕಾರಾದಿಯಲ್ಲಿ ಜೋಡಿಸಿರುತ್ತಾರೆ.

ನಿಮ್ಮ ಗ್ರಂಥಾಲಯದ ನಂಬರುಗಳು ಇಂಗ್ಲಿಷ್ ಅಕ್ಷರದಿಂದ ಶುರುವಾಗುತ್ತಿದ್ದು, ನಂತರ ಅಂಕಿ ಬರುತ್ತಿದ್ದರೆ ಅದು ಲೈಬ್ರರಿ ಆಫ್ ಕಾಂಗ್ರೆಸ್ ವರ್ಗೀಕರಣ ಇರಬಹುದು. ಅದರಲ್ಲಿ ವೈದ್ಯಕೀಯಕ್ಕೆ ಆರ್ ಅಕ್ಷರ. ನಂಬರಿನ ನಡುವೆ ಕೋಲನ್, ಅರ್ಧವಿರಾಮದಂಥ ಚಿಹ್ನೆಗಳಿದ್ದರೆ ಎಸ್‌.ಆರ್‌. ರಂಗನಾಥನ್ 1933ರಲ್ಲಿ ರೂಪಿಸಿದ ಕೋಲನ್ ವರ್ಗೀಕರಣ. ಗಣಿತ ಕಲಿಸುತ್ತಿದ್ದ ರಂಗನಾಥನ್ ಗ್ರಂಥಪಾಲಕರಾದ ಮೇಲೆ, ಒಂದು ಪುಸ್ತಕದ ವಿಷಯವನ್ನು ಬಿಡಿ ಮುಖಗಳಾಗಿ ಒಡೆದು ಚಿಹ್ನೆಗಳಿಂದ ಜೋಡಿಸುವ ಈ ಕ್ರಮವನ್ನು ಕಟ್ಟಿದರು. ಯಾವ ಪದ್ಧತಿಯೇ ಇರಲಿ, ಕಪಾಟುಗಳ ಕೊನೆಗೆ ಅಂಟಿಸಿರುವ ಪಟ್ಟಿಯನ್ನು ಐದು ನಿಮಿಷ ನಿಂತು ಓದಿ.

ಪುಸ್ತಕ ಸಿಕ್ಕಿತೇ? ಎತ್ತಿಕೊಂಡು ಹೊರಟುಬಿಡಬೇಡಿ. ಅದರ ಎಡಕ್ಕೆ ಹತ್ತು, ಬಲಕ್ಕೆ ಹತ್ತು ಪುಸ್ತಕಗಳ ಬೆನ್ನನ್ನು ಓದಿ. ಒಂದೇ ವಿಷಯದವು ಅಕ್ಕಪಕ್ಕ ಇರಲೆಂದೇ ಈ ವರ್ಗೀಕರಣವನ್ನೆಲ್ಲ ಮಾಡಿರುವುದು. ಒಂದೊಂದನ್ನೂ ತೆಗೆದು ಪರಿವಿಡಿ ನೋಡಿ, ಆಮೇಲೆ ಹಿಂದಿನ ಪದಸೂಚಿಯಲ್ಲಿ ನಿಮ್ಮ ಪದವನ್ನು ಹುಡುಕಿ. ‘ಲಸಿಕೆ, ವಿರೋಧ’ ಎಂಬುದರ ಮುಂದೆ ಒಂದೇ ಪುಟಸಂಖ್ಯೆ ಇದ್ದರೆ ಆ ಪುಸ್ತಕದಲ್ಲಿ ಹಾದುಹೋಗುವ ಮಾತಷ್ಟೇ ಇದೆ. 88ರಿಂದ 121 ಎಂದಿದ್ದರೆ ಇಡೀ ಅಧ್ಯಾಯವೇ ಇದೆ. ಒಂದು ಪುಸ್ತಕಕ್ಕೆ ಎರಡು ನಿಮಿಷ ಸಾಕು, ಮನೆಗೆ ಹೊತ್ತೊಯ್ಯಬೇಕೋ ಬೇಡವೋ ತೀರ್ಮಾನವಾಗುತ್ತದೆ.

ಆದರೆ ಕಪಾಟಿಗೂ ಒಂದು ಮಿತಿಯಿದೆ. ಒಂದು ಪುಸ್ತಕವನ್ನು ಒಂದೇ ಕಡೆ ಇಡಬಹುದು. ಸಿಡುಬನ್ನು ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ನೋಡಿದ ಪುಸ್ತಕ 614.521ರಲ್ಲಿ, ಕಾಯಿಲೆಯಾಗಿ ನೋಡಿದ್ದು 616.912ರಲ್ಲಿ, ವೈರಾಣುಗಳ ಅಧ್ಯಯನ 579.2ರಲ್ಲಿ ಕೂತಿರುತ್ತದೆ. ಸಾಮ್ರಾಜ್ಯಗಳ ಇತಿಹಾಸದ ನಡುವೆ ಸಿಡುಬು ಬಂದರೆ ಅದು 900ರ ಸಾಲಿನಲ್ಲೆಲ್ಲೋ ಇರುತ್ತದೆ. ಆದ್ದರಿಂದ ವಿಷಯಶೀರ್ಷಿಕೆಯಲ್ಲಿ ಸಿಕ್ಕ ಪುಸ್ತಕಗಳ ನಂಬರುಗಳನ್ನು ಒಂದರ ಕೆಳಗೊಂದು ಬರೆದು, ಯಾವ ಯಾವ ನಂಬರಿನ ಸುತ್ತ ಗುಂಪುಗಟ್ಟಿವೆ ಎಂದು ನೋಡಿ, ಆ ಪ್ರತಿಯೊಂದು ಕಪಾಟಿಗೂ ಹೋಗಿಬನ್ನಿ. ಇ-ಪುಸ್ತಕಗಳು ಯಾವ ಕಪಾಟಿನಲ್ಲೂ ಕಾಣುವುದಿಲ್ಲ ಎಂಬುದೂ ಗಮನದಲ್ಲಿರಲಿ. ಕೆಲವು ಕ್ಯಾಟಲಾಗುಗಳಲ್ಲಿ ‘ಕಪಾಟನ್ನು ನೋಡಿ’ ಎಂಬ ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಅಚ್ಚಿನ ಪುಸ್ತಕ, ಇ-ಪುಸ್ತಕ ಎರಡೂ ನಂಬರಿನ ಕ್ರಮದಲ್ಲಿ ಕಾಣಬಹುದು.

ಲೇಖನಗಳಿಗಾಗಿ ಡೇಟಾಬೇಸ್

ಹೊಸ ಸಂಶೋಧನೆ ಮೊದಲು ಬರುವುದು ನಿಯತಕಾಲಿಕಗಳಲ್ಲಿ. ಪುಸ್ತಕವಾಗುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ, ಎಷ್ಟೋ ಸಂಶೋಧನೆ ಪುಸ್ತಕವಾಗುವುದೇ ಇಲ್ಲ. ಲೇಖನಗಳನ್ನು ಹುಡುಕಲು ಡೇಟಾಬೇಸ್‌ಗಳಿವೆ. ಗ್ರಂಥಾಲಯದ ಜಾಲತಾಣದಲ್ಲಿ ಅವುಗಳ ಪಟ್ಟಿ ಇರುತ್ತದೆ. ಅಕಾರಾದಿ ಪಟ್ಟಿ ನೋಡಿ ಗಾಬರಿಯಾಗುವ ಬದಲು ವಿಷಯವಾರು ಪಟ್ಟಿ ತೆರೆಯಿರಿ, ಎರಡನ್ನು ಆರಿಸಿಕೊಳ್ಳಿ. ವೈದ್ಯಕೀಯಕ್ಕೆ ಪಬ್‌ಮೆಡ್ ಇದೆ: ಮೂರೂವರೆ ಕೋಟಿಗೂ ಹೆಚ್ಚು ಲೇಖನಗಳ ವಿವರವಿರುವ, 1996ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿರುವ ಸೇವೆ. ಮಾನವಿಕ ಮತ್ತು ಸಮಾಜವಿಜ್ಞಾನಗಳ ಹಳೆಯ ಸಂಚಿಕೆಗಳಿಗೆ ಜೆಸ್ಟೋರ್. ಅದರಲ್ಲಿ ಅನೇಕ ಪತ್ರಿಕೆಗಳ ತೀರ ಇತ್ತೀಚಿನ ಕೆಲವು ವರ್ಷಗಳ ಸಂಚಿಕೆ ಇರುವುದಿಲ್ಲ, ಅಷ್ಟು ಮಾತ್ರ ನೆನಪಿಡಿ. ಸಿಡುಬಿನ ನಮ್ಮ ಪ್ರಶ್ನೆಗೆ ಈ ಎರಡೂ ಬೇಕು. ಒಂದರಲ್ಲಿ ವೈದ್ಯರ ಮಾತು, ಇನ್ನೊಂದರಲ್ಲಿ ಇತಿಹಾಸಕಾರರ ಮಾತು ಸಿಗುತ್ತದೆ.

ಇಲ್ಲಿ ಹುಡುಕುವ ಕ್ರಮ ಸ್ವಲ್ಪ ಬೇರೆ. ವಾಕ್ಯ ಬರೆಯಬೇಡಿ, ಪದಗಳನ್ನು ಜೋಡಿಸಿ. ಒಂದೇ ಅರ್ಥದ ಪದಗಳನ್ನು ಇಂಗ್ಲಿಷಿನ ‘ಆರ್’ ಹಾಕಿ ಒಂದು ಆವರಣದೊಳಗೆ ಸೇರಿಸಿ: ಸ್ಮಾಲ್‌ಪಾಕ್ಸ್ ಆರ್ ವೇರಿಯೋಲಾ. ಇನ್ನೊಂದು ಸಂಗತಿಯ ಪದಗಳನ್ನು ಇನ್ನೊಂದು ಆವರಣದಲ್ಲಿ: ರೆಸಿಸ್ಟೆನ್ಸ್ ಆರ್ ಒಪೊಸಿಷನ್. ಎರಡು ಆವರಣಗಳ ನಡುವೆ ‘ಆ್ಯಂಡ್’. ‘ಆರ್’ ಜಾಸ್ತಿಯಾದಷ್ಟೂ ಫಲಿತಾಂಶ ಹಿಗ್ಗುತ್ತದೆ, ‘ಆ್ಯಂಡ್’ ಸೇರಿಸಿದಷ್ಟೂ ಕುಗ್ಗುತ್ತದೆ. ‘ನಾಟ್’ ಹಾಕಿ ಬೇಡದ ಪದವನ್ನು ತೆಗೆದುಹಾಕಬಹುದು, ಆದರೆ ನಾನು ಅದನ್ನು ಸಲಹೆ ಮಾಡುವುದಿಲ್ಲ. ಬೇಕಾದ ಲೇಖನದಲ್ಲೂ ಆ ಬೇಡದ ಪದ ಒಂದು ಸಾಲಿನಲ್ಲಿ ಇದ್ದುಬಿಟ್ಟರೆ ಲೇಖನವೇ ಮಾಯವಾಗುತ್ತದೆ.

ವ್ಯಾಕ್ಸಿನ್, ವ್ಯಾಕ್ಸಿನೇಷನ್, ವ್ಯಾಕ್ಸಿನೇಟೆಡ್ ಈ ಮೂರಕ್ಕೂ ಇಂಗ್ಲಿಷಿನಲ್ಲಿ ಮೊದಲ ಆರು ಅಕ್ಷರ ಒಂದೇ. ಆ ಆರನ್ನು ಹೊಡೆದು ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಮೂರೂ ಒಟ್ಟಿಗೆ ಬರುತ್ತವೆ. ಎರಡು ಮೂರು ಪದಗಳು ಅದೇ ಕ್ರಮದಲ್ಲಿ ಬರಬೇಕೆಂದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. ಪಬ್‌ಮೆಡ್‌ನಂಥ ಕಡೆ ಕ್ಯಾಟಲಾಗಿನ ಹಾಗೆಯೇ ನಿಗದಿತ ವಿಷಯಪದಗಳಿವೆ. ಒಂದು ಒಳ್ಳೆಯ ಲೇಖನ ಸಿಕ್ಕ ಕೂಡಲೇ ಅದರ ಕೆಳಗಿರುವ ಆ ಪದಗಳನ್ನು ನೋಡಿ, ಅವನ್ನೇ ಬಳಸಿ ಮತ್ತೆ ಹುಡುಕಿ.

ಫಲಿತಾಂಶ ನಾಲ್ಕು ಸಾವಿರ ಬಂದರೆ ಎದೆಗುಂದಬೇಡಿ. ವರ್ಷ, ಭಾಷೆ, ಲೇಖನದ ಬಗೆ ಇವುಗಳಿಂದ ಸೋಸಿ. ವಿಮರ್ಶಾ ಲೇಖನ, ಅಂದರೆ ಒಂದು ವಿಷಯದಲ್ಲಿ ಈವರೆಗೆ ಆದ ಸಂಶೋಧನೆಯನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಲೇಖನ, ಒಂದು ಸಿಕ್ಕರೆ ಅದನ್ನೇ ಮೊದಲು ಓದಿ. ಆಮೇಲೆ ಉಳಿದವುಗಳ ಸಾರಾಂಶ ಓದಿ ಹತ್ತನ್ನು ಇಟ್ಟುಕೊಳ್ಳಿ.

ಗೂಗಲ್ ಸ್ಕಾಲರ್ ಇದೆಯಲ್ಲ, ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ವಿದ್ವತ್ ಲೇಖನಗಳನ್ನಷ್ಟೇ ಹುಡುಕಿಕೊಡುವ, 2004ರಲ್ಲಿ ಬಂದ ಆ ಸೇವೆ ನಿಜಕ್ಕೂ ಉಪಕಾರಿ, ನಾನೂ ದಿನವೂ ಬಳಸುತ್ತೇನೆ. ಆದರೆ ಅದು ಯಾವ ಪತ್ರಿಕೆಗಳನ್ನು ಒಳಗೊಂಡಿದೆ, ಯಾವುದನ್ನು ಬಿಟ್ಟಿದೆ ಎಂಬ ಪಟ್ಟಿ ಬಳಕೆದಾರರಿಗೆ ಸಿಗುವುದಿಲ್ಲ, ವಿಷಯಶೀರ್ಷಿಕೆಗಳ ಸೌಲಭ್ಯವೂ ಅಲ್ಲಿಲ್ಲ. ಅದನ್ನು ಬಳಸುವುದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಲೈಬ್ರರಿ ಲಿಂಕ್ಸ್ ಎಂಬಲ್ಲಿ ನಿಮ್ಮ ವಿಶ್ವವಿದ್ಯಾಲಯದ ಹೆಸರು ಸಿಗುತ್ತದೆಯೇ ನೋಡಿ, ಸೇರಿಸಿಕೊಳ್ಳಿ. ಗ್ರಂಥಾಲಯ ಹಣ ಕೊಟ್ಟು ತರಿಸುವ ಲೇಖನಗಳ ಮುಂದೆ ಅದರ ಕೊಂಡಿ ಕಾಣಿಸಲು ಶುರುವಾಗುತ್ತದೆ.

ಜಾಡು: ಹಿಂದಕ್ಕೂ ಮುಂದಕ್ಕೂ

ಇಷ್ಟು ಹೊತ್ತಿಗೆ ನಿಮ್ಮ ಕೈಯಲ್ಲಿ ಒಂದೆರಡು ಒಳ್ಳೆಯ ಪುಸ್ತಕ, ಮೂರ್ನಾಲ್ಕು ಒಳ್ಳೆಯ ಲೇಖನ ಇರುತ್ತವೆ. ಇನ್ನು ಹುಡುಕು ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಮರೆತುಬಿಡಿ.

ಹಿಂದಕ್ಕೆ ಹೋಗುವುದು ಸುಲಭ. ಲೇಖನದ ಅಡಿಟಿಪ್ಪಣಿ, ಕೊನೆಯ ಗ್ರಂಥಸೂಚಿ ಓದಿ. ಮೂರು ಲೇಖನಗಳಲ್ಲೂ ಉಲ್ಲೇಖವಾದ ಕೃತಿ ಯಾವುದು? ಆ ಕ್ಷೇತ್ರದವರೆಲ್ಲ ಓದಿರುವ ಕೃತಿ ಅದು, ಅದನ್ನು ಬಿಡಬೇಡಿ. ಮುಂದಕ್ಕೆ ಹೋಗುವುದೆಂದರೆ ಈ ಲೇಖನವನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ನೋಡುವುದು. ಒಂದು ಕಾಲದಲ್ಲಿ ಇದು ಹೆಚ್ಚುಕಡಿಮೆ ಅಸಾಧ್ಯವಿತ್ತು. ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ವಿಜ್ಞಾನ ಲೇಖನಗಳ ಉಲ್ಲೇಖಸೂಚಿಯನ್ನು ಹೊರತಂದ ಮೇಲೆ ಅದು ಕೈಗೆಟುಕಿತು. ಅದೇ ಬೆಳೆದು ಈಗಿನ ವೆಬ್ ಆಫ್ ಸೈನ್ಸ್ ಆಗಿದೆ. ಸ್ಕೋಪಸ್ ಎಂಬ ಇನ್ನೊಂದು ಡೇಟಾಬೇಸ್, ಗೂಗಲ್ ಸ್ಕಾಲರ್‌ಗಳಲ್ಲೂ ಲೇಖನದ ಕೆಳಗೆ ‘ಸೈಟೆಡ್ ಬೈ’ ಎಂಬ ಕೊಂಡಿ ಇದೆ. 1990ರ ಒಂದು ಲೇಖನ ಹಿಡಿದು ಆ ಕೊಂಡಿ ಒತ್ತಿದರೆ, ಅದನ್ನು ಒಪ್ಪಿದವರು, ತಿದ್ದಿದವರು, ತಳ್ಳಿಹಾಕಿದವರು ಎಲ್ಲರೂ ಇಂದಿನವರೆಗೆ ಸಾಲಾಗಿ ಸಿಗುತ್ತಾರೆ. ಒಂದು ವಾದ ಹೇಗೆ ಬೆಳೆಯಿತು, ಎಲ್ಲಿ ಮುರಿಯಿತು ಎಂದು ಕಣ್ಣೆದುರೇ ಕಾಣುವುದು ಇಲ್ಲೇ. ಗ್ರಂಥಾಲಯದ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಘಟ್ಟ ಇದು. ವಿದ್ಯಾರ್ಥಿಗಳಿಗೆ ಒಂದೇ ಒಂದು ವಿಧಾನ ಕಲಿಸಲು ಅವಕಾಶವಿದ್ದರೆ ಇದನ್ನೇ ಕಲಿಸಬೇಕು ಎನ್ನುತ್ತೇನೆ.

ಉಲ್ಲೇಖವನ್ನು ಓದುವಾಗ ಅದು ಏನು ಎಂದು ಗುರುತಿಸಲು ಬರಬೇಕು. ಪ್ರಕಾಶಕರ ಹೆಸರಿದ್ದರೆ ಪುಸ್ತಕ, ಕ್ಯಾಟಲಾಗಿನಲ್ಲಿ ಹುಡುಕಿ. ಸಂಪುಟ, ಸಂಚಿಕೆ ಸಂಖ್ಯೆಗಳಿದ್ದರೆ ಲೇಖನ. ಆಗ ಕ್ಯಾಟಲಾಗಿನಲ್ಲಿ ಹುಡುಕಬೇಕಾದ್ದು ಪತ್ರಿಕೆಯ ಹೆಸರನ್ನು. ಸಂಪಾದಕರ ಹೆಸರೂ ಪುಟಸಂಖ್ಯೆಗಳೂ ಒಟ್ಟಿಗಿದ್ದರೆ ಸಂಪಾದಿತ ಪುಸ್ತಕದ ಒಂದು ಅಧ್ಯಾಯ. ಕೊನೆಗೆ 10 ಎಂಬ ಅಂಕಿಯಿಂದ ಶುರುವಾಗುವ ಉದ್ದನೆಯ ಡಿಒಐ ಸಂಖ್ಯೆ, ಅಂದರೆ ಲೇಖನದ ಶಾಶ್ವತ ಗುರುತು, ಇದ್ದರೆ ಎಲ್ಲಕ್ಕಿಂತ ಸುಲಭ, ಅದನ್ನು doi.org ತಾಣದಲ್ಲಿ ಹಾಗೇ ಹೊಡೆದರೆ ನೇರ ಲೇಖನದ ಪುಟಕ್ಕೆ ಹೋಗುತ್ತೀರಿ.

ಪೂರ್ಣಪಠ್ಯ ಸಿಗದಿದ್ದಾಗ

ಲೇಖನದ ಪುಟ ತೆರೆದರೆ ಹಣ ಕೇಳುತ್ತದೆ. ಯಾವ ಕಾರಣಕ್ಕೂ ಅಲ್ಲಿ ಕೈಯಿಂದ ದುಡ್ಡು ಕಟ್ಟಬೇಡಿ. ಮೊದಲು ವಿಪಿಎನ್ (ಹೊರಗಿನಿಂದ ಕ್ಯಾಂಪಸ್ ಜಾಲಕ್ಕೆ ಸೇರಿಸುವ ಸೌಲಭ್ಯ) ಅಥವಾ ಗ್ರಂಥಾಲಯದ ಲಾಗಿನ್ ಮೂಲಕ ಬಂದಿದ್ದೀರಾ ನೋಡಿ. ಎಷ್ಟೋ ಸಲ ಸಮಸ್ಯೆ ಅಷ್ಟೇ ಇರುತ್ತದೆ. ಆಮೇಲೆ ಲೇಖಕರೇ ಇಟ್ಟಿರುವ ಉಚಿತ ಪ್ರತಿಗಾಗಿ ನೋಡಿ. ಅನ್‌ಪೇವಾಲ್ ಎಂಬ ಬ್ರೌಸರ್ ಸೌಲಭ್ಯ ಅಂಥ ಕಾನೂನುಬದ್ಧ ಪ್ರತಿ ಇದ್ದರೆ ತೋರಿಸುತ್ತದೆ. ಅದೂ ಇಲ್ಲದಿದ್ದರೆ ಲೇಖಕರಿಗೆ ಎರಡು ಸಾಲಿನ ಇಮೇಲ್ ಬರೆಯಿರಿ, ಸಂತೋಷದಿಂದ ಕಳಿಸುವವರು ಬಹಳ ಇದ್ದಾರೆ.

ಅಚ್ಚಿನ ಪುಸ್ತಕವೇ ನಿಮ್ಮ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಅಂತರ ಗ್ರಂಥಾಲಯ ಎರವಲು ಎಂಬ ವ್ಯವಸ್ಥೆಯಿದೆ. ವರ್ಲ್ಡ್‌ಕ್ಯಾಟ್ ಎಂಬ ಜಾಗತಿಕ ಕ್ಯಾಟಲಾಗಿನಲ್ಲಿ ಆ ಪುಸ್ತಕ ಯಾವ ಗ್ರಂಥಾಲಯಗಳಲ್ಲಿದೆ ಎಂದು ನೋಡಿ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಸಹಿತ ವಿವರವನ್ನು ಅರ್ಜಿಯಲ್ಲಿ ತುಂಬಿದರೆ, ನಿಮ್ಮ ಗ್ರಂಥಾಲಯ ಅದನ್ನು ಬೇರೆ ಕಡೆಯಿಂದ ತರಿಸಲು ಪ್ರಯತ್ನಿಸುತ್ತದೆ. ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಸಲ್ಲಿಸುವ ದಿನದ ಹಿಂದಿನ ವಾರ ಅರ್ಜಿ ಹಾಕಿ ಪ್ರಯೋಜನವಿಲ್ಲ. ‘ಖರೀದಿಗೆ ಸೂಚಿಸಿ’ ಎಂಬ ಅರ್ಜಿಯೂ ಇರುತ್ತದೆ. ವಿದ್ಯಾರ್ಥಿಗಳು ಅದನ್ನು ಬಳಸುವುದು ಕಡಿಮೆ. ಬಳಸಬೇಕು, ಸಂಗ್ರಹ ಬೆಳೆಯುವುದೇ ಹಾಗೆ.

ಹಳೆಯ ಪುಸ್ತಕಗಳಿಗೆ ಈ ತಾಪತ್ರಯವಿಲ್ಲ. ಜೆನ್ನರ್ 1798ರಲ್ಲಿ ಪ್ರಕಟಿಸಿದ ಮೂಲ ಪುಸ್ತಕಕ್ಕೆ ಈಗ ಕೃತಿಸ್ವಾಮ್ಯವಿಲ್ಲ. ಇಂಟರ್ನೆಟ್ ಆರ್ಕೈವ್, ಹಾತಿಟ್ರಸ್ಟ್‌ನಂಥ ಕಡೆ ಇಂಥ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಉಚಿತವಾಗಿ ಓದಲು ಸಿಗುತ್ತವೆ.

ಬೀಗ ಹಾಕಿದ ಕೋಣೆ

ವಿಶೇಷ ಸಂಗ್ರಹ ಎಂಬ ಫಲಕವಿರುವ ಕೋಣೆಗೆ ಹೋಗಲು ಹಿಂಜರಿಯಬೇಡಿ. ಓಲೆಗರಿ ಮತ್ತು ಕಾಗದದ ಹಸ್ತಪ್ರತಿಗಳು, ಅಪರೂಪದ ಮುದ್ರಿತ ಪುಸ್ತಕಗಳು, ಪತ್ರಗಳು, ದಿನಚರಿಗಳು, ಛಾಯಾಚಿತ್ರಗಳು, ನಕ್ಷೆಗಳು ಅಲ್ಲಿರುತ್ತವೆ. ಒಂದೊಂದು ವಿಶ್ವವಿದ್ಯಾಲಯದ ಗ್ರಂಥಾಲಯ ಇನ್ನೊಂದರಿಂದ ಬೇರೆಯಾಗುವುದು ಇಲ್ಲಿ. ಪಠ್ಯಪುಸ್ತಕ ಎಲ್ಲ ಕಡೆ ಒಂದೇ, ಒಬ್ಬ ವೈದ್ಯರು ನೂರು ವರ್ಷದ ಹಿಂದೆ ಬರೆದಿಟ್ಟ ದಿನಚರಿ ಇರುವುದು ಒಂದೇ ಕಡೆ.

ಇಲ್ಲಿನ ಕ್ರಮ ಬೇರೆ. ಪತ್ರಸಂಗ್ರಹಗಳ ಒಂದೊಂದು ಕಾಗದವನ್ನೂ ಕ್ಯಾಟಲಾಗಿಗೆ ಹಾಕಿರುವುದಿಲ್ಲ. ಇಡೀ ಸಂಗ್ರಹಕ್ಕೆ ಒಂದು ವಿವರಪಟ್ಟಿ ಮಾಡಿರುತ್ತಾರೆ. ಅದು ಯಾರದು, ಯಾವ ವರ್ಷಗಳದು, ಎಷ್ಟು ಪೆಟ್ಟಿಗೆ, ಯಾವ ಪೆಟ್ಟಿಗೆಯ ಯಾವ ಕಡತದಲ್ಲಿ ಏನಿದೆ ಎಂದು ಅದರಲ್ಲಿರುತ್ತದೆ. ಮೊದಲು ಅದನ್ನು ಓದಿ, ಬೇಕಾದ ಪೆಟ್ಟಿಗೆಯ ಸಂಖ್ಯೆ ಕೊಟ್ಟು, ಮುಂಚಿತವಾಗಿ ಸಮಯ ಗೊತ್ತುಮಾಡಿಕೊಂಡು ಹೋಗಿ. ಚೀಲ ಹೊರಗಿಡಬೇಕು, ಪೆನ್ನಿನ ಬದಲು ಪೆನ್ಸಿಲ್, ನೀರಿನ ಬಾಟಲಿ ಬೇಡ. ಕೈ ತೊಳೆದು ಒಣಗಿಸಿಕೊಳ್ಳಿ. ಕಾಗದಗಳ ಕ್ರಮ ಕದಡಬೇಡಿ, ಏಕೆಂದರೆ ಯಾವ ಪತ್ರದ ಪಕ್ಕ ಯಾವುದಿತ್ತು ಎಂಬುದೂ ಒಂದು ಮಾಹಿತಿ. ಫೋಟೊ ತೆಗೆಯಲು ಅನುಮತಿ ಕೇಳಿ, ಪ್ರತಿ ಫೋಟೊದಲ್ಲೂ ಪೆಟ್ಟಿಗೆ ಮತ್ತು ಕಡತದ ಸಂಖ್ಯೆ ಬರೆದ ಚೀಟಿ ಕಾಣುವಂತೆ ಇಡಿ. ಮನೆಗೆ ಹೋದ ಮೇಲೆ ಯಾವ ಪುಟ ಎಲ್ಲಿಯದು ಎಂದು ಪರದಾಡುವುದು ತಪ್ಪುತ್ತದೆ.

ಹಳೆಯ ದಿನಪತ್ರಿಕೆಗಳು ಮೈಕ್ರೋಫಿಲ್ಮಿನಲ್ಲಿದ್ದರೆ ಸಿಬ್ಬಂದಿಯೇ ಯಂತ್ರ ಹಾಕಿಕೊಡುತ್ತಾರೆ. ಹುಡುಕುವ ಸೌಲಭ್ಯ ಅದರಲ್ಲಿಲ್ಲ, ಆದ್ದರಿಂದ ತಾರೀಕು ತಿಳಿದುಕೊಂಡು ಹೋಗುವುದು ಮುಖ್ಯ. ಪಿಎಚ್‌.ಡಿ. ಪ್ರಬಂಧಗಳನ್ನಂತೂ ಖಂಡಿತ ನೋಡಿ. ಅವುಗಳ ಎರಡನೆಯ ಅಧ್ಯಾಯ ಬಹಳ ಸಲ ಆ ವಿಷಯದ ಪೂರ್ವ ಅಧ್ಯಯನಗಳ ಸಮೀಕ್ಷೆಯೇ ಆಗಿರುತ್ತದೆ.

ಗ್ರಂಥಪಾಲಕರನ್ನು ಕೇಳುವುದು

ರೆಫರೆನ್ಸ್ ಮೇಜಿನಲ್ಲಿ ಕುಳಿತವರನ್ನು ‘ಆ ಪುಸ್ತಕ ಎಲ್ಲಿದೆ’ ಎಂದು ಮಾತ್ರ ಕೇಳಿದರೆ ಅವರಿಂದ ಸಿಗಬೇಕಾದ್ದರಲ್ಲಿ ಹತ್ತರಲ್ಲೊಂದು ಪಾಲೂ ಸಿಗುವುದಿಲ್ಲ. ನಿಮ್ಮ ಪ್ರಶ್ನೆಯನ್ನೇ ಹೇಳಿ. ಈವರೆಗೆ ಎಲ್ಲಿ ಹುಡುಕಿದಿರಿ, ಯಾವ ಪದ ಹಾಕಿದಿರಿ, ಏನು ಸಿಕ್ಕಿತು, ಯಾವುದು ಸಾಲದು ಎಂದು ಹೇಳಿ. ‘ಸರ್, ಲಸಿಕೆಯ ವೈದ್ಯಕೀಯ ಪುಸ್ತಕ ಬೇಕಾದಷ್ಟು ಸಿಕ್ಕಿವೆ, ಜನ ಏಕೆ ಬೇಡವೆಂದರು ಎನ್ನುವುದರ ಬಗ್ಗೆ ಸಮಕಾಲೀನ ದಾಖಲೆ ಬೇಕು’ ಎಂದರೆ ಅವರು ಸರ್ಕಾರಿ ವರದಿಗಳ ಕಪಾಟಿಗೋ, ಕರಪತ್ರಗಳ ಸಂಗ್ರಹಕ್ಕೋ ಕರೆದೊಯ್ಯುತ್ತಾರೆ. ಅಂಥ ಸಂಗ್ರಹ ಇದೆಯೆಂಬುದೇ ನಮಗೆ ಗೊತ್ತಿರುವುದಿಲ್ಲ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಗ್ರಂಥಪಾಲಕರಿರುತ್ತಾರೆ, ಮೊದಲೇ ತಿಳಿಸಿ ಅರ್ಧ ಗಂಟೆ ಸಮಯ ಕೇಳಬಹುದು. ಇದು ಅವರ ಕೆಲಸ, ತೊಂದರೆ ಕೊಡುತ್ತಿದ್ದೇನೆ ಎಂಬ ಸಂಕೋಚ ಬೇಡ.

ಸಿಕ್ಕದ್ದನ್ನು ಕಳೆದುಕೊಳ್ಳದಿರಲು

ಮೊದಲ ದಿನದಿಂದಲೇ ದಾಖಲೆ ಇಡಿ. ಝೊಟೆರೊ ಎಂಬ ಉಚಿತ ತಂತ್ರಾಂಶ 2006ರಿಂದ ಇದೆ. ಕ್ಯಾಟಲಾಗ್ ಅಥವಾ ಡೇಟಾಬೇಸಿನ ಪುಟದಲ್ಲಿ ಒಂದು ಗುಂಡಿ ಒತ್ತಿದರೆ ಲೇಖಕ, ಶೀರ್ಷಿಕೆ, ವರ್ಷ ಎಲ್ಲವನ್ನೂ ಎಳೆದುಕೊಳ್ಳುತ್ತದೆ, ಬರೆಯುವಾಗ ಗ್ರಂಥಸೂಚಿಯನ್ನೂ ತಯಾರಿಸಿಕೊಡುತ್ತದೆ. ಅದು ತಂದ ವಿವರವನ್ನು ಒಮ್ಮೆ ಪುಸ್ತಕದ ಶೀರ್ಷಿಕೆ ಪುಟದ ಜೊತೆ ತಾಳೆ ನೋಡಿ. ಕನ್ನಡ ಪುಸ್ತಕಗಳ ವಿಷಯದಲ್ಲಿ ಇದು ತೀರ ಅಗತ್ಯ. ಜೊತೆಗೊಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಡೇಟಾಬೇಸ್, ಹಾಕಿದ ಪದಗಳು, ಬಂದ ಫಲಿತಾಂಶ ಇಷ್ಟನ್ನು ಒಂದೊಂದೇ ಸಾಲಿನಲ್ಲಿ ಬರೆಯಿರಿ. ತಿಂಗಳ ನಂತರ ಅದೇ ಹುಡುಕಾಟವನ್ನು ಮತ್ತೆ ಮಾಡುವುದು ತಪ್ಪುತ್ತದೆ. ಡೇಟಾಬೇಸಿನಲ್ಲಿ ಹುಡುಕಾಟವನ್ನು ಉಳಿಸಿ ಅಲರ್ಟ್ ಹಾಕಿಟ್ಟರೆ ಹೊಸ ಲೇಖನ ಬಂದಾಗ ಇಮೇಲ್ ಬರುತ್ತದೆ.

ಲೇಖನಗಳನ್ನು ಬೇಕಾದಷ್ಟು ಇಳಿಸಿಕೊಳ್ಳಿ, ಆದರೆ ಒಂದು ಪತ್ರಿಕೆಯ ಸಂಚಿಕೆಗಳನ್ನೆಲ್ಲ ಒಟ್ಟಿಗೆ ಇಳಿಸಲು ಹೋಗಬೇಡಿ. ಪರವಾನಗಿಯ ಕರಾರಿನಲ್ಲಿ ಅದಕ್ಕೆ ಅವಕಾಶವಿರುವುದಿಲ್ಲ, ಪ್ರಕಾಶಕರು ಇಡೀ ವಿಶ್ವವಿದ್ಯಾಲಯದ ಪ್ರವೇಶವನ್ನೇ ತಡೆಹಿಡಿಯಬಹುದು.

ಓದು ಮುಗಿಸಿ ಹೊರಡುವವರು ಇದನ್ನು ನೋಡಿಕೊಳ್ಳಿ. ವಿದ್ಯಾರ್ಥಿ ಲಾಗಿನ್ ನಿಂತ ಮೇಲೆ ಡೇಟಾಬೇಸುಗಳ ಬಾಗಿಲು ಮುಚ್ಚುತ್ತದೆ. ಅದಕ್ಕೂ ಮೊದಲು ಬೇಕಾದ ಲೇಖನಗಳ ಪಿಡಿಎಫ್‌ಗಳನ್ನು ನಿಮ್ಮದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ, ಝೊಟೆರೊ ಖಾತೆಗೆ ಕೊಟ್ಟಿರುವ ವಿಶ್ವವಿದ್ಯಾಲಯದ ಇಮೇಲ್ ಬದಲಿಸಿ ಸ್ವಂತದ್ದು ಹಾಕಿ, ಅಲರ್ಟ್‌ಗಳನ್ನೂ ಹಾಗೇ ಬದಲಾಯಿಸಿ. ಹಳೆಯ ವಿದ್ಯಾರ್ಥಿಗಳಿಗೆ ಸದಸ್ಯತ್ವ ಕೊಡುತ್ತಾರೆಯೇ, ಒಳಗೆ ಕುಳಿತು ಡೇಟಾಬೇಸ್ ನೋಡಲು ಬಿಡುತ್ತಾರೆಯೇ ಎಂದು ಕೌಂಟರಿನಲ್ಲಿ ವಿಚಾರಿಸಿ, ಅರ್ಜಿ ಇದ್ದರೆ ಅಂದೇ ತುಂಬಿಕೊಟ್ಟು ಬನ್ನಿ.